ಆ ಕಾಲೇಜು ಮಾತ್ರ ಬೇಡ

ಮನೆಯಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ ಮಗಳಿದ್ದರೆ ಆ ವರ್ಷ ಬರುವ ಫೋನುಗಳಲ್ಲಿ ಒಂದು ವಿಶೇಷವಿರುತ್ತದೆ. ಯಾವ ಕಾಲೇಜಿಗೆ ಸೇರಿಸಿ ಎಂದು ಯಾರೂ ಹೇಳುವುದಿಲ್ಲ. ಯಾವುದಕ್ಕೆ ಸೇರಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಇದರಲ್ಲಿ ಜಾಣತನವೂ ಇದೆ. ಸೇರಿಸಿ ಅಂದವರು ನಾಳೆ ಹೆಚ್ಚುಕಡಿಮೆಯಾದರೆ ಮಾತು ಕೇಳಬೇಕಾಗುತ್ತದೆ. ಬೇಡ ಅಂದವರಿಗೆ ಆ ಭಯವಿಲ್ಲ. ಅವರ ಮಾತು ಮೀರಿ ಕೆಟ್ಟರೆ ‘ನಾನು ಆವತ್ತೇ ಹೇಳಿರಲಿಲ್ಲವಾ’ ಅನ್ನಬಹುದು. ಮೀರಿಯೂ ಉದ್ಧಾರವಾದರೆ ಮಗುವಿನ ಹಣೆಬರಹ ಗಟ್ಟಿ ಅಂದರಾಯಿತು.

ನನಗೆ ಮೊದಲ ‘ಬೇಡ’ ಸಿಕ್ಕಿದ್ದು ಮದುವೆ ಊಟದ ಪಂಕ್ತಿಯಲ್ಲಿ. ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದಿತ್ತು. ಪಕ್ಕದಲ್ಲಿ ಕೂತವರು ಯಾರೋ ನನಗೆ ಗೊತ್ತಿರಲಿಲ್ಲ, ನಾನು ಯಾರೋ ಅವರಿಗೂ ಗೊತ್ತಿರಲಿಲ್ಲ. ‘ಗಂಡಿನ ಕಡೆಯವರಾ?’ ಅಂದರು. ‘ಹೆಣ್ಣಿನ ಕಡೆ’ ಅಂದೆ. ‘ಮಕ್ಕಳು?’ ‘ಒಬ್ಬಳೇ ಮಗಳು. ಸಿಇಟಿ ಬರೆದಿದ್ದಾಳೆ.’ ಅಷ್ಟು ಸಾಕಾಯಿತು. ಪಲ್ಯ ಬಡಿಸುವಷ್ಟರಲ್ಲಿ ಒಂದು ಕಾಲೇಜು ಹೋಯಿತು, ಅಲ್ಲಿ ಅಟೆಂಡೆನ್ಸ್ ಕೇಳುವವರೇ ಇಲ್ಲವಂತೆ. ಅನ್ನ ಸಾರು ಬರುವಾಗ ಇನ್ನೊಂದು ಹೋಯಿತು, ಅಲ್ಲಿ ಅಟೆಂಡೆನ್ಸ್ ಅಟೆಂಡೆನ್ಸ್ ಎಂದು ಮಕ್ಕಳ ಪ್ರಾಣ ತಿನ್ನುತ್ತಾರಂತೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಕಟ್ಟಡವೇ ಸರಿಯಿಲ್ಲದ ಒಂದನ್ನೂ ಬರೀ ಕಟ್ಟಡವೇ ಇರುವ ಮತ್ತೊಂದನ್ನೂ ಒಟ್ಟಿಗೆ ತೆಗೆದುಹಾಕಿದರು. ಮಜ್ಜಿಗೆ ಬರುವ ಹೊತ್ತಿಗೆ ಮೈಸೂರು ಜಿಲ್ಲೆ ಮುಗಿದು ಮಂಡ್ಯ ಶುರುವಾಗಿತ್ತು. ಕೈ ತೊಳೆಯುವಲ್ಲಿ ಅವರಿಗೆ ದಾರಿ ಬಿಟ್ಟು, ‘ನಿಮ್ಮ ಮಕ್ಕಳು ಎಲ್ಲಿ ಓದಿದ್ದು ಸಾರ್?’ ಎಂದು ವಿನಯದಿಂದ ಕೇಳಿದೆ. ‘ನಮ್ಮದು ಇನ್ನೂ ಯುಕೆಜಿ’ ಅಂದರು.

ಹೆಂಡತಿ ಎಲ್ಲವನ್ನೂ ಹಳೆಯ ಡೈರಿಯೊಂದರಲ್ಲಿ ಬರೆದಿಡತೊಡಗಿದಳು. ಎಡಕ್ಕೆ ಕಾಲೇಜಿನ ಹೆಸರು, ಮಧ್ಯೆ ಬೇಡ ಅಂದವರ ಹೆಸರು, ಬಲಕ್ಕೆ ಕಾರಣ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಲೆಡ್ಜರ್ ನೋಡಿದರೆ ಖುಷಿ, ಹಾಗಾಗಿ ರಾತ್ರಿ ಊಟವಾದ ಮೇಲೆ ಅದನ್ನು ತಿರುವಿಹಾಕುವುದು ರೂಢಿಯಾಯಿತು. ಕಾರಣಗಳ ಕಾಲಂ ಓದುತ್ತಿದ್ದರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಒಂದು ಕಾಲೇಜು ರಿಂಗ್ ರೋಡಿನ ಆಚೆ ಇದೆ. ಒಂದು ಬಸ್ ಸ್ಟ್ಯಾಂಡಿಗೆ ತೀರಾ ಹತ್ತಿರ ಇದೆ. ಒಂದರಲ್ಲಿ ನೀರು ಗಡುಸು, ಹುಡುಗಿಯರ ಕೂದಲು ಉದುರುತ್ತದೆ. ಒಂದರ ಪ್ರಿನ್ಸಿಪಾಲರು ಮೃದು, ಒಂದರವರು ಸಿಡುಕು. ಒಂದಕ್ಕೆ ನ್ಯಾಕ್‌ನಿಂದ ಎ ಪ್ಲಸ್ ಪ್ಲಸ್ ಸಿಕ್ಕಿದೆ, ‘ಅಷ್ಟೊಂದು ಪ್ಲಸ್ ಯಾಕೆ ಬೇಕಿತ್ತು, ಏನೋ ಇದೆ’ ಎಂದು ಅನುಮಾನ. ಇಡೀ ಡೈರಿಯಲ್ಲಿ ಪಾಠ ಸರಿಯಿಲ್ಲ ಎಂದವರು ಬಹಳ ಕಡಿಮೆ.

ಊಟದ ವಿಷಯಕ್ಕೇ ಬೇರೆ ಪುಟ ಬೇಕಾಯಿತು. ನನ್ನ ಅತ್ತೆ ಧಾರವಾಡದವರು. ‘ಅಳಿಯಂದ್ರ, ಬೆಂಗಳೂರಿಗೆ ಮಾತ್ರ ಕಳಸಬ್ಯಾಡ್ರಿ. ಅಲ್ಲಿ ಹಾಸ್ಟೆಲ್‌ನ್ಯಾಗ ಸಾಂಬಾರಿಗೂ ಬೆಲ್ಲ ಹಾಕತಾರಂತ. ಕೂಸು ಸೊರಗತದ’ ಎಂದರು. ಅದೇ ವಾರ ನನ್ನ ಚಿಕ್ಕಮ್ಮ ಫೋನು ಮಾಡಿ, ‘ಧಾರವಾಡ ಹುಬ್ಬಳ್ಳಿ ಕಡೆ ಆಪ್ಷನ್ ಹಾಕ್ಬೇಡ ಕಣೋ. ಮೂರು ಹೊತ್ತೂ ಜೋಳದ ರೊಟ್ಟಿ. ಅಗಿದು ಅಗಿದು ಮಗು ದವಡೆ ಬಿದ್ದುಹೋಗುತ್ತೆ’ ಎಂದಳು. ಕರಾವಳಿ ಎಂದರೆ ಇಬ್ಬರದೂ ಒಂದೇ ಮಾತು, ಕುಚಲಕ್ಕಿ. ಮೈದುನ ಅದಕ್ಕೆ ಮಳೆಯನ್ನೂ ಸೇರಿಸಿದ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಹುಡುಗಿ ಗೌರಿ ಹಬ್ಬಕ್ಕೆ ಮನೆ ಸೇರುವುದು ಹೇಗೆ ಎಂದು ಜೂನ್ ತಿಂಗಳಲ್ಲೇ ಚಿಂತೆಗೆ ಬಿದ್ದ. ಶಿರಾಡಿ ಕುಸಿಯುವುದೇನೋ ನಿಜ. ಆದರೆ ನಾಲ್ಕು ವರ್ಷದ ವಿದ್ಯಾಭ್ಯಾಸವನ್ನು ಸಕಲೇಶಪುರದ ಆಚೆಯ ಒಂದು ತಿರುವಿನಲ್ಲಿ ನಿಲ್ಲಿಸಿಬಿಡುವುದು ನನ್ನ ಮೈದುನನಿಗೆ ಮಾತ್ರ ಸಾಧ್ಯ.

ಆಮೇಲೆ ಪ್ರೇಮ ಪ್ರಕರಣಗಳು. ಪ್ರತಿ ಮನೆತನದಲ್ಲೂ ಒಬ್ಬ ಅಣ್ಣನ ಮಗಳೋ ಅಕ್ಕನ ಮಗನೋ ಇರುತ್ತಾರೆ. ಯಾವುದೋ ಕಾಲೇಜಿನಲ್ಲಿ ಓದುವಾಗ ಯಾರನ್ನೋ ಮೆಚ್ಚಿ, ಮನೆಯಲ್ಲಿ ಆರು ತಿಂಗಳು ಅನ್ನ ನೀರು ಸೇರದಂತೆ ಮಾಡಿ, ಕೊನೆಗೆ ಅದೇ ಛತ್ರದಲ್ಲಿ ಅದೇ ಪುರೋಹಿತರಿಂದ ಮದುವೆಯಾದವರು. ಈಗ ಆ ದಂಪತಿ ಸುಖವಾಗಿದ್ದಾರೆ, ಅಳಿಯನಂಥ ಅಳಿಯ ಸಿಗುವುದಿಲ್ಲ ಎಂದು ಅತ್ತೆಯೇ ಹೊಗಳುತ್ತಾರೆ. ಮಗಳಿಗೆ ಕ್ಷಮೆ ಸಿಕ್ಕಿದೆ, ಹುಡುಗನಿಗೂ ಸಿಕ್ಕಿದೆ. ಕಾಲೇಜಿಗೆ ಮಾತ್ರ ಇನ್ನೂ ಸಿಕ್ಕಿಲ್ಲ. ಮಕ್ಕಳು ಉದ್ಧಾರವಾದರೆ ನಮ್ಮ ಸಂಸ್ಕಾರ, ದಾರಿ ಬಿಟ್ಟರೆ ಕಾಲೇಜಿನ ವಾತಾವರಣ. ಈ ಹಂಚಿಕೆಯಲ್ಲಿ ಜಾತಿ ಮತ ಭೇದವಿಲ್ಲದೆ ಎಲ್ಲ ತಂದೆತಾಯಿಯರದೂ ಒಂದೇ ಪಕ್ಷ.

ಬೇಡ ಅನ್ನುವ ಭಾಗ್ಯವಾದರೂ ನಮಗೆ ಬಂದಿದ್ದು ಈಚೆಗೆ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದಾಗ ಮೈಸೂರು ಸೀಮೆಯಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಪುಣೆಗೆ ಹೋಗಿ ಓದಿದರು. ಮುಂದೆ ದಿವಾನರಾದಾಗ 1917ರಲ್ಲಿ ಬೆಂಗಳೂರಿನಲ್ಲಿ ಕಾಲೇಜು ತೆರೆಸಿದರು, ಇವತ್ತು ಕೆ.ಆರ್. ಸರ್ಕಲ್ಲಿನಲ್ಲಿ ಅವರ ಹೆಸರಿನಲ್ಲೇ ಇರುವುದು. ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಆ ಕಡೆಯ ಹುಡುಗರು ರೈಲು ಹತ್ತಿ ಪುಣೆಯ ದಾರಿ ಹಿಡಿಯಬೇಕಿತ್ತು. ಬೇಂದ್ರೆಯವರು ಓದಿದ್ದು ಅಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. ಇರುವುದೇ ಒಂದಾದಾಗ ಯಾವುದನ್ನು ಬೇಡ ಅನ್ನುವುದು? ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ ಶುರುವಾಗಿದ್ದು 1946ರಲ್ಲಿ. ಹಾಸನದ ಮಲೆನಾಡು ಕಾಲೇಜು, ಸುರತ್ಕಲ್ಲಿನ ಕೆಆರ್‌ಇಸಿ 1960ರಲ್ಲಿ. ಆಮೇಲೆ ಮಠಗಳು, ಟ್ರಸ್ಟುಗಳು, ಸಂಘಗಳು ಒಂದಾದ ಮೇಲೊಂದು ತೆರೆದವು. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಬಂತು, ಇವತ್ತು ಅದರ ನೆರಳಿನಲ್ಲಿ ಇನ್ನೂರರ ಆಸುಪಾಸು ಕಾಲೇಜುಗಳಿವೆ. ನಮ್ಮ ಡೈರಿಯ ಪುಟಗಳು ಸಾಲದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಕಾಲದಲ್ಲಿ ಸಿಇಟಿಯೂ ಇರಲಿಲ್ಲ. ಅದು ಬಂದಿದ್ದು 1994ರಲ್ಲಿ. ಕ್ಯಾಪಿಟೇಶನ್ ಶುಲ್ಕ ವಸೂಲಿ ಮಾಡಬಾರದೆಂದು 1984ರಲ್ಲೇ ಕರ್ನಾಟಕದಲ್ಲಿ ಕಾನೂನಾಗಿತ್ತು, ಆದರೂ ಡೊನೇಷನ್ ಎನ್ನುವ ಪದ ನಮ್ಮೂರಿನ ಎಮ್ಮೆಗಳಿಗೂ ಗೊತ್ತಿತ್ತು. ಎಂಜಿನಿಯರಿಂಗ್ ನಮ್ಮ ಯೋಗ್ಯತೆಯ ಮಾತಾಗಿರಲಿಲ್ಲ, ಅಪ್ಪನ ಜೇಬಿನ ದೃಷ್ಟಿಯಿಂದಲೂ ನನ್ನ ಗಣಿತದ ದೃಷ್ಟಿಯಿಂದಲೂ. ಬಿ.ಕಾಂ. ಎಂದು ತೀರ್ಮಾನವಾಗಿ, ಎಲ್ಲಿ ಅನ್ನುವುದೊಂದು ಉಳಿಯಿತು.

ತಿಪಟೂರು ಸೀಮೆಯ ಹಳ್ಳಿಯಲ್ಲಿ ಮೇಷ್ಟರಾಗಿದ್ದ ಅಪ್ಪನಿಗೆ ಜಗತ್ತಿನ ಕಾಲೇಜುಗಳಲ್ಲಿ ಒಂದೇ ಒಂದರ ಮೇಲೆ ಆಕ್ಷೇಪವಿತ್ತು. ದುರದೃಷ್ಟಕ್ಕೆ ನನಗೆ ಬೇಕಾಗಿದ್ದೂ ಅದೇ. ಒಳ್ಳೆಯ ಮೇಷ್ಟರುಗಳಿದ್ದರು, ಫೀಸು ಕಡಿಮೆ, ಸೋದರಮಾವನ ಮನೆ ಹತ್ತಿರ. ಆದರೆ ಕಾಂಪೌಂಡಿಗೆ ಅಂಟಿಕೊಂಡು ಒಂದು ಟಾಕೀಸು. ಮಧ್ಯಾಹ್ನ ಮ್ಯಾಟಿನಿ ಶುರುವಾಗುವ ಮುಂಚೆ ಹಾಕುತ್ತಿದ್ದ ಹಾಡು ಅಕೌಂಟೆನ್ಸಿ ಕ್ಲಾಸಿಗೆ ಸ್ಪಷ್ಟವಾಗಿ ಕೇಳುತ್ತಿತ್ತಂತೆ. ‘ಆ ಕಾಲೇಜು ಮಾತ್ರ ಬೇಡ’ ಎಂದರು ಅಪ್ಪ. ಕಾರಣ ಹೇಳಲಿಲ್ಲ. ಆಗಿನ ಅಪ್ಪಂದಿರು ಕಾರಣ ಹೇಳುವ ಪದ್ಧತಿ ಇರಲಿಲ್ಲ; ಅಮ್ಮನಿಗೆ ಹೇಳುತ್ತಿದ್ದರು, ಅಮ್ಮ ಒಗ್ಗರಣೆ ಹಾಕುತ್ತಾ ನಮಗೆ ಹೇಳುತ್ತಿದ್ದಳು.

ಅಪ್ಪ ಒಪ್ಪಿದ ಕಾಲೇಜಿನ ಪಕ್ಕದಲ್ಲಿ ಟಾಕೀಸು ಇರಲಿಲ್ಲ. ಎರಡು ಸ್ಟಾಪ್ ಆಚೆ ಒಂದು, ಅದರೆದುರಿಗೆ ಇನ್ನೊಂದು ಇದ್ದವು. ಅಪ್ಪ ಕೇಳಲಿಲ್ಲ, ನಾನೂ ಆ ಊರಿನ ಭೂಗೋಳವನ್ನು ವಿವರಿಸಲು ಹೋಗಲಿಲ್ಲ. ರಾಜ್‌ಕುಮಾರ್ ಅವರ ‘ಜೀವನ ಚೈತ್ರ’ ಬಂದ 1992ರಲ್ಲಿ ನಾನು ಕಾಸ್ಟಿಂಗ್ ಪೇಪರಿಗಿಂತ ಆ ಗಾಂಧಿ ಕ್ಲಾಸಿನ ಬೆಂಚುಗಳನ್ನೇ ಚೆನ್ನಾಗಿ ಬಲ್ಲವನಾಗಿದ್ದೆ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಾಗ, ‘ಆ ಟಾಕೀಸಿನ ಕಾಲೇಜಿಗೆ ಹೋಗಿದ್ದರೆ ಇದೂ ಬರ್ತಿರಲಿಲ್ಲ’ ಎಂದು ಅಪ್ಪ ನೆಮ್ಮದಿಯ ಉಸಿರು ಬಿಟ್ಟರು.

ಇಷ್ಟೆಲ್ಲ ನೆನಪಾದದ್ದು ಆಪ್ಷನ್ ಎಂಟ್ರಿ ರಾತ್ರಿ. ಇದನ್ನು ಅನುಭವಿಸದವರಿಗೆ ಸ್ವಲ್ಪ ಹೇಳಬೇಕು. ಮಲ್ಲೇಶ್ವರದಲ್ಲಿ ಕೂತಿರುವ ಪರೀಕ್ಷಾ ಪ್ರಾಧಿಕಾರ ರ‍್ಯಾಂಕ್ ಕೊಟ್ಟ ಮೇಲೆ, ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಬೇಕಾದ ಕ್ರಮದಲ್ಲಿ ಎಷ್ಟು ಬೇಕಾದರೂ ಬರೆಯಿರಿ ಎಂದು ಒಂದು ಉದ್ದನೆಯ ಪಟ್ಟಿ ತೆರೆದಿಡುತ್ತದೆ. ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ಯಾವುದು ಸಿಗುತ್ತದೋ ಅಲ್ಲಿ ನಿಲ್ಲಿಸುತ್ತಾರೆ. ಇಲ್ಲೇ ತಂದೆತಾಯಿಯರ ಜೀವ ಕೈಗೆ ಬರುವುದು. ಬೇಡದ ಕಾಲೇಜನ್ನು ಹಾಕಿದರೆ ಅದೇ ಸಿಕ್ಕಿಬಿಟ್ಟೀತು, ಹಾಕದಿದ್ದರೆ ಯಾವುದೂ ಸಿಗದೇ ಹೋದೀತು. ಮಗಳು ಸೇರಿಸುತ್ತಿದ್ದಳು, ಹೆಂಡತಿ ಡೈರಿ ನೋಡಿ ಅಳಿಸುತ್ತಿದ್ದಳು. ನಾನು ಹಿಂದಿನ ವರ್ಷದ ಕಟ್ ಆಫ್ ಪಟ್ಟಿಗೆ ಬಣ್ಣ ಬಳಿದು ಎಕ್ಸೆಲ್ ಹಾಳೆಯೊಂದನ್ನು ಮಾಡಿಕೊಂಡಿದ್ದೆ. ಬಹಳ ಚಂದ ಬಂದಿತ್ತು. ಅದನ್ನು ಯಾರೂ ನೋಡಲಿಲ್ಲ.

ರಾತ್ರಿ ಹನ್ನೊಂದಕ್ಕೆ ಡೈರಿಯ ಪ್ರಕಾರ ಎಲ್ಲವನ್ನೂ ಅಳಿಸಿ ನೋಡಿದಾಗ ಕರ್ನಾಟಕದಲ್ಲಿ ಕಾಲೇಜೇ ಉಳಿದಿರಲಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ನಮ್ಮ ಬಂಧುಬಳಗ ಒಂದನ್ನೂ ಬಿಟ್ಟಿರಲಿಲ್ಲ. ಹೆಂಡತಿ ಡೈರಿ ಮುಚ್ಚಿ, ಕನ್ನಡಕ ತೆಗೆದಿಟ್ಟು, ‘ನಿನಗೆ ಯಾವುದು ಬ್ಯಾಡ ಹೇಳವಾ’ ಎಂದು ಮಗಳನ್ನು ಕೇಳಿದಳು. ಅಲ್ಲಿಯವರೆಗೆ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

ಮಗಳ ಹತ್ತಿರ ಪಟ್ಟಿ ಸಿದ್ಧವಾಗಿಯೇ ಇತ್ತು. ಮೊಬೈಲಿನಲ್ಲಿ ತೆಗೆದು ಓದಿದಳು. ಹುಡುಗರಿಗೆ ಒಂದು ಮೆಟ್ಟಿಲು ಹುಡುಗಿಯರಿಗೆ ಒಂದು ಮೆಟ್ಟಿಲು ಇರುವ ಕಾಲೇಜು ಬೇಡ. ಲೈಬ್ರರಿ ಸಂಜೆ ಐದಕ್ಕೇ ಬೀಗ ಹಾಕುವ ಕಾಲೇಜು ಬೇಡ. ಕ್ಲಾಸಿಗೆ ಹೋಗದಿದ್ದರೆ ಹತ್ತು ನಿಮಿಷದಲ್ಲಿ ಅಮ್ಮನಿಗೆ ಮೆಸೇಜು ಬರುವ ಕಾಲೇಜು ಬೇಡ. ‘ಮತ್ತೆ ಅಪ್ಪನಿಗೆ ಪರಿಚಯದ ಲೆಕ್ಚರರ್ ಇರೋ ಕಾಲೇಜು ಬೇಡವೇ ಬೇಡ.’

‘ಯಾಕಮ್ಮಾ? ಕಷ್ಟಕ್ಕೆ ಆಗ್ತಾರಲ್ಲ’ ಎಂದೆ.

‘ಅದೇ ಅಪ್ಪಾ. ನೀವು ಸಹಾಯ ಮಾಡಿಬಿಡ್ತೀರ.’

ಅವಳ ಅಮ್ಮ ನಕ್ಕಿದ್ದು ಅಷ್ಟು ಹೊತ್ತಿನಲ್ಲಿ ಅದೇ ಮೊದಲು.

ಮರುದಿನ ಅಣಕು ಹಂಚಿಕೆಗೆ ಮುಂಚೆ ಒಂದಿಷ್ಟು ಕಾಲೇಜುಗಳನ್ನು ಕಣ್ಣಾರೆ ನೋಡಿಬರೋಣ ಎಂದು ಹೊರಟೆ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಫೈಲು. ಮೊದಲ ಗೇಟಿನಲ್ಲೇ ಸೆಕ್ಯೂರಿಟಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀರಿನ ಟ್ಯಾಂಕರ್ ಬಿಲ್ಲಾ? ಹಿಂದಿನ ಗೇಟು’ ಎಂದ. ಹಿಂದಿನ ಗೇಟಿಗೇ ಹೋದೆ. ಹೋದದ್ದು ಒಳ್ಳೆಯದೇ ಆಯಿತು. ಮುಂದಿನ ಗೇಟಿನಲ್ಲಿ ಕಾರಂಜಿ, ಕಟೌಟು, ಪ್ಲೇಸ್‌ಮೆಂಟ್ ಆದವರ ಫೋಟೊಗಳು. ಹಿಂದಿನ ಗೇಟಿನಲ್ಲಿ ಜೆರಾಕ್ಸ್ ಅಂಗಡಿ.

ಕಾಲೇಜೊಂದರ ಬಗ್ಗೆ ತಿಳಿಯಬೇಕಾದರೆ ಅದರ ಹಿಂದಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲಬೇಕು ಎಂದು ನನಗೆ ಅವತ್ತು ಗೊತ್ತಾಯಿತು. ಅಂಗಡಿಯವನು ಒಂದು ಕೈಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡುತ್ತಾ ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತಾ ಮಾತಾಡಿದ. ಯಾವ ಸಬ್ಜೆಕ್ಟಿನ ನೋಟ್ಸು ಹೆಚ್ಚು ಖರ್ಚಾಗುತ್ತದೋ ಆ ಸಬ್ಜೆಕ್ಟಿಗೆ ಮೇಷ್ಟರಿಲ್ಲ ಎಂದರ್ಥ. ಸೆಮಿಸ್ಟರ್ ಮಧ್ಯದಲ್ಲಿ ಮೇಷ್ಟರುಗಳೇ ತಮ್ಮ ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಮಾಡಿಸಲು ಬಂದರೆ ಬೇರೆ ಕೆಲಸ ಹುಡುಕುತ್ತಿದ್ದಾರೆ, ಸಂಬಳ ಸರಿಯಾಗಿ ಆಗುತ್ತಿಲ್ಲ. ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿದೆ. ‘ಎಂಟು ಗಂಟೆ ಸಾರ್. ನಾನೂ ಅಲ್ಲಿವರೆಗೆ ತೆಗೆದಿರ್ತೀನಿ’ ಎಂದ. ಹಾಗಾದರೆ ಕಾಲೇಜು ಒಳ್ಳೆಯದೇ ಅಂದೆ. ‘ಕಾಲೇಜು ಯಾವುದಾದ್ರೇನು ಸಾರ್, ರೆಕಾರ್ಡ್ ಬುಕ್ ಕೊನೇ ದಿನ ಬರೆಯೋರು ಕೊನೇ ದಿನಾನೇ ಬರೀತಾರೆ’ ಎಂದು ಸ್ಪೈರಲ್ ಹಾಕಿದ ಪುಸ್ತಕವನ್ನು ಎರಡು ಸಲ ಕುಟ್ಟಿ ಸಮ ಮಾಡಿ ಹುಡುಗನ ಕೈಗಿಟ್ಟ.

ಇನ್ನೊಂದು ಮಾತು ಬ್ಯಾಂಕಿನ ಕೌಂಟರಿನಲ್ಲಿ ಸಿಕ್ಕಿತು. ಶಿಕ್ಷಣ ಸಾಲದ ಕಂತು ಕಟ್ಟಲು ತಿಂಗಳು ತಿಂಗಳು ಬರುವ ಒಬ್ಬ ತಾಯಿ ಇದ್ದಾರೆ. ಹೊಲಿಗೆ ಕೆಲಸ ಮಾಡುತ್ತಾರೆ, ಬೆರಳ ತುದಿಯಲ್ಲಿ ಯಾವಾಗಲೂ ದಾರದ ಎಳೆ ಅಂಟಿರುತ್ತದೆ. ಮಗನಿಗೆ ಮೊದಲ ವರ್ಷವೇ ಕಾಲೇಜು ಒಗ್ಗಲಿಲ್ಲ, ಬಿಡುತ್ತೇನೆ ಎಂದ. ಉಳಿದ ಮೂರು ವರ್ಷದ ಫೀಸು ಕಟ್ಟದೆ ಮಾರ್ಕ್ಸ್ ಕಾರ್ಡು ಕೊಡುವುದಿಲ್ಲ ಎಂದು ಆಫೀಸಿನವರು ಕೂತರು. ಮೂಲ ದಾಖಲೆಗಳನ್ನು ಹಾಗೆ ಹಿಡಿದಿಟ್ಟುಕೊಳ್ಳಬಾರದೆಂದು ಎಐಸಿಟಿಇ ನಿಯಮವೇ ಇದೆ, ಆದರೆ ನಿಯಮ ಹೇಳಿಕೊಡುವವರು ಅವರಿಗೆ ಸಿಕ್ಕಿದ್ದು ತಡವಾಗಿ. ನನ್ನ ಮಗಳ ವಿಷಯ ಯಾರೋ ಹೇಳಿದ್ದರು ಅಂತ ಕಾಣುತ್ತದೆ. ರಸೀದಿಗೆ ಸೀಲು ಹಾಕಿ ಕೊಡುವಾಗ ಅವರೇ ಮಾತು ತೆಗೆದರು. ನಾನು ಇನ್ನೊಂದು ‘ಬೇಡ’ಕ್ಕೆ ಸಿದ್ಧನಾದೆ. ಅವರು ಆ ಕಾಲೇಜಿನ ಹೆಸರನ್ನೇ ಎತ್ತಲಿಲ್ಲ. ‘ಒರಿಜಿನಲ್ಸು ಯಾವಾಗ ವಾಪಸ್ ಕೊಡ್ತೀರಿ ಅಂತ ಮೊದಲೇ ಕೇಳಿ ಸಾರ್. ಕಟ್ಟಿದ್ದಕ್ಕೆಲ್ಲಾ ರಸೀದಿ ತಗೊಳ್ಳಿ. ಆಫೀಸ್‌ನೋರನ್ನ ಕೇಳಬೇಡಿ, ಎರಡನೇ ವರ್ಷದ ಹುಡುಗರನ್ನ ಕೇಳಿ’ ಎಂದು ಚೀಲದ ಬಾಯಿ ಕಟ್ಟಿಕೊಂಡು ಹೋದರು. ಎರಡು ತಿಂಗಳಲ್ಲಿ ನನಗೆ ಸಿಕ್ಕ ಸಲಹೆಗಳಲ್ಲಿ ದುಡ್ಡು ತೆತ್ತು ಕಲಿತದ್ದು ಅದೊಂದೇ. ಡೈರಿಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ, ಹಿಂದಿನ ರಟ್ಟಿನ ಮೇಲೆ ಬರೆದುಕೊಂಡೆವು.

ಸೀಟು ಬಂದ ದಿನ ಮತ್ತೆ ಫೋನುಗಳು. ಸರ್ಕಾರ ಇಲ್ಲಿ ನಾಲ್ಕು ಆಯ್ಕೆ ಕೊಡುತ್ತದೆ. ಒಪ್ಪಿ ಸೇರುತ್ತೇನೆ ಅನ್ನುವುದು ಒಂದು. ಇದಿರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಕ್ಕರೆ ಕೊಡಿ ಅನ್ನುವುದು ಎರಡು. ಇದು ಬೇಡ, ಮುಂದೆ ನೋಡೋಣ ಅನ್ನುವುದು ಮೂರು. ನಿಮ್ಮ ಸಹವಾಸವೇ ಸಾಕು ಅನ್ನುವುದು ನಾಲ್ಕು. ‘ಊರಲ್ಲಿ ನಮ್ಮಣ್ಣನ್ನ ಒಂದು ಮಾತು ಕೇಳಿ ಹೇಳ್ತೀನಿ’ ಅನ್ನುವ ಐದನೆಯದೊಂದು ಇದ್ದಿದ್ದರೆ ರಾಜ್ಯದ ಅರ್ಧ ಪೋಷಕರು ಅದನ್ನೇ ಒತ್ತುತ್ತಿದ್ದರು.

ನಾನೂ ಕೇಳಿದೆ. ಎಂಬತ್ತು ದಾಟಿದ ಅಪ್ಪನಿಗೆ ಫೋನು ಮಾಡಿ ಸಿಕ್ಕ ಕಾಲೇಜಿನ ಹೆಸರು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಇದು ಆ ಟಾಕೀಸಿನ ಕಾಲೇಜು ನಡೆಸೋರದ್ದೇ ಅಲ್ವಾ?’ ಅಂದರು. ಹೌದು, ಅದೇ ಸಂಸ್ಥೆ, ಅದೇ ಆವರಣದಲ್ಲಿ ಎಂಜಿನಿಯರಿಂಗ್ ಕಟ್ಟಿದ್ದಾರೆ ಅಂದೆ. ಈಗ ಬಂತು ನೋಡು ಎಂದು ಕಾದೆ. ‘ಟಾಕೀಸು ಇದೆಯೋ?’ ‘ಇಲ್ಲಪ್ಪ, ಕೆಡವಿ ಬಟ್ಟೆ ಅಂಗಡಿ ಮಾಡಿದ್ದಾರೆ.’ ‘ಹಾಗಾದ್ರೆ ಸೇರಿಸು. ಮೇಷ್ಟರುಗಳು ಆವತ್ತೂ ಚೆನ್ನಾಗೇ ಇದ್ದರು’ ಎಂದರು ಅಪ್ಪ. ನನಗೆ ಕೊಡಬೇಕಾದ ಉತ್ತರ ಮೊಮ್ಮಗಳಿಗೆ ಸಿಕ್ಕಿತು.

ಮಗಳಿಗೀಗ ಎರಡನೇ ಸೆಮಿಸ್ಟರ್. ಡೈರಿಯಲ್ಲಿ ಅವಳ ಕಾಲೇಜಿನ ಮುಂದೆ ಮೂವರ ಹೆಸರಿದೆ, ಆ ಮೂವರೂ ಹಬ್ಬಕ್ಕೆ ಬಂದಾಗ ‘ಹೇಗಿದೆ ಕಾಲೇಜು?’ ಎಂದು ಅವಳನ್ನೇ ಕೇಳಿದರು. ಲೈಬ್ರರಿ ಎಂಟರವರೆಗೆ ಇರುತ್ತದೆ, ಮ್ಯಾತ್ಸ್ ಮೇಡಂ ಚೆನ್ನಾಗಿ ಹೇಳುತ್ತಾರೆ, ಕ್ಯಾಂಟೀನಿನ ಕಾಫಿ ಬಾಯಿಗಿಡುವ ಹಾಗಿಲ್ಲ. ಬಟ್ಟೆ ಅಂಗಡಿಯಲ್ಲಿ ವರ್ಷಪೂರ್ತಿ ಡಿಸ್ಕೌಂಟು, ಅದರಿಂದ ನನ್ನ ಖರ್ಚು ಹೆಚ್ಚಿದೆ. ಅಪ್ಪ ಇದ್ದ ಟಾಕೀಸಿಗೆ ಹೆದರಿದರು, ಬರಲಿದ್ದ ಅಂಗಡಿಗೆ ಹೆದರಬೇಕೆಂದು ಯಾರಿಗೆ ಗೊತ್ತಿತ್ತು?

ಮುಂದಿನ ಮೇ ತಿಂಗಳಲ್ಲಿ ನಿಮ್ಮ ಮನೆಗೂ ಫೋನು ಬರುತ್ತದೆ. ‘ಆ ಕಾಲೇಜು ಮಾತ್ರ ಬೇಡ’ ಎಂದು ಯಾರಾದರೂ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ‘ನೀವು ಅಲ್ಲಿಗೆ ಹೋಗಿದ್ದು ಯಾವಾಗ?’ ಎಂದು ಮಾತ್ರ ಕೇಳಿ. ಉತ್ತರ ಬಂದರೆ ಬರೆದಿಟ್ಟುಕೊಳ್ಳಿ, ಬೆಲೆಯುಳ್ಳದ್ದು. ಬಾರದಿದ್ದರೆ ಮನೆಯವರ ಆರೋಗ್ಯ ವಿಚಾರಿಸಿ, ಊಟ ಆಯಿತಾ ಎಂದು ಕೇಳಿ, ಫೋನು ಇಡಿ.